ವಾಡೆಗೆ ಹೆಚ್ಚಾದ ಒಂಬತ್ತು ವರ್ಷ

ಆ ವಾಡೆಗೆ ನಾನು ಹೋಗುತ್ತಿದ್ದುದು ಇತಿಹಾಸದ ಮೇಲಿನ ಪ್ರೀತಿಯಿಂದ ಎಂದು ಊರವರು ನಂಬಿದ್ದರು. ಆ ನಂಬಿಕೆಯನ್ನು ನಾನು ತಿದ್ದಲಿಲ್ಲ. ಪ್ರತಿ ತಿಂಗಳ ಎರಡನೆಯ ರವಿವಾರ ಅಣ್ಣಿಗೇರಿಯಲ್ಲಿ ಬಸ್ಸು ಹತ್ತಿ, ಶಲವಡಿ ದಾಟಿದ ಮೇಲೆ ಇಳಿದು, ಎರೆಹೊಲಗಳ ನಡುವಿನ ರಸ್ತೆಯಲ್ಲಿ ಅರ್ಧ ತಾಸು ನಡೆದು ನಾನು ಅಲ್ಲಿಗೆ ಮುಟ್ಟುತ್ತಿದ್ದುದು, ಒಬ್ಬ ಮನುಷ್ಯ ನಾಲ್ಕು ಜನರ ಎದುರು ತಲೆ ತಗ್ಗಿಸುವುದನ್ನು ಕಣ್ಣಾರೆ ನೋಡಬೇಕೆಂಬ ಒಂದೇ ಆಸೆಯಿಂದ.

ಊರಿನ ಹೆಸರನ್ನು, ಮನೆತನದ ಹೆಸರನ್ನು, ಇಸವಿಗಳನ್ನು ಇಲ್ಲಿ ಬರೆಯುವುದಿಲ್ಲ. ಇಸವಿ ಬರೆದರೆ ಊರು ತಾನಾಗಿ ಗುರುತಾಗುತ್ತದೆ. ಕಂದಾಯ ಕಚೇರಿಯ ಸೇವಾವಧಿಯುದ್ದಕ್ಕೂ ಹಳೆಯ ಕಾಗದಗಳ ಕಾಲವನ್ನೇ ತಾಳೆ ನೋಡಿ ನಿವೃತ್ತನಾದವನಿಗೆ ಈ ಮೌನ ಕಠಿಣ. ಆದ್ದರಿಂದ ಕಾಲದ ಅಂತರಗಳನ್ನಾದರೂ ಕೊಡುತ್ತೇನೆ. ಅವು ಸರಿಯಾಗಿವೆ. ಮೂರು ಸಲ ನೋಡಿದ್ದೇನೆ.

ವಾಡೆಯೆಂದರೆ ಊರಿನ ಹಿಂದಿನ ಒಡೆಯರ ಮನೆ. ಸಾಗವಾನಿ ಕಂಬಗಳ ಪಡಸಾಲೆ, ನಡುವೆ ತೆರೆದ ಅಂಗಳ, ಮುಂದೆ ಆನೆ ಹೊಗುವಷ್ಟು ಎತ್ತರದ ಕೆತ್ತನೆಯ ಬಾಗಿಲು. ಮನೆತನದ ಈಗಿನ ಹಿರಿಯರು, ಊರಿನ ಬಾಯಲ್ಲಿ ಧಣಿ, ಕೆಲವು ವರ್ಷಗಳ ಹಿಂದೆ ಮುಂಭಾಗವನ್ನು ವಸ್ತುಸಂಗ್ರಹಾಲಯ ಮಾಡಿದರು. ಊರವರದೇ ಒಂದು ಕಮಿಟಿಯಾಯಿತು. ತಿಂಗಳಿಗೊಂದು ರವಿವಾರ ಕಾರ್ಯಕ್ರಮ: ಒಮ್ಮೆ ಮುದುಕಿಯರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವುದು, ಒಮ್ಮೆ ಶಾಲೆಯ ಮಕ್ಕಳಿಗೆ ಕೂರಿಗೆ ಕುಂಟೆಗಳನ್ನು ತೋರಿಸುವುದು, ಒಮ್ಮೆ ಹಳೆಯ ಕಾಗದ ಓದುವುದು. ಒಳ್ಳೆಯ ಕೆಲಸ. ಮಾಡುತ್ತಿದ್ದವನು ಬೇರೆಯವನಾಗಿದ್ದರೆ ನಾನು ಹೊಗಳಿ ಬರೆಯುತ್ತಿದ್ದೆ.

ಸಂಗ್ರಹಾಲಯ ತೆರೆಯುವುದಕ್ಕೂ ಮುಂಚೆ, ಧಣಿಯ ತಂದೆ ಬದುಕಿದ್ದಾಗ, ಆ ಮನೆಯ ಮೋಡಿ ಲಿಪಿಯ ಕಾಗದಗಳ ಝೆರಾಕ್ಸ್ ಪ್ರತಿಗಳನ್ನು ನನಗೆ ಕೊಟ್ಟಿದ್ದರು. ಮೋಡಿ ಎಂದರೆ ಮರಾಠಿಯ ಹಳೆಯ ಕೂಡು ಬರವಣಿಗೆ. ಅದನ್ನು ಓದಬಲ್ಲವರು ನಮ್ಮ ಕಡೆ ಆಗಲೇ ವಿರಳ. ಆರು ವರ್ಷ ಕುಳಿತು ಓದಿ ಎರಡು ದಪ್ಪ ನೋಟುಬುಕ್ಕಿನ ತುಂಬ ಟಿಪ್ಪಣಿ ಮಾಡಿದೆ. ಸಂಗ್ರಹಾಲಯಕ್ಕೆ ಉಪಯೋಗವಾಗಲೆಂದು ಮಗ, ಅಂದರೆ ಈಗಿನ ಧಣಿ, ಕೇಳಿದಾಗ ಆ ನೋಟುಬುಕ್ಕುಗಳನ್ನು ಕೊಟ್ಟೆ. ಒಂದೂವರೆ ವರ್ಷದ ನಂತರ ಅವು ಪುಸ್ತಕವಾಗಿ ಬಂದವು. ವಾಕ್ಯಗಳು ನನ್ನವು, ಅಡಿಟಿಪ್ಪಣಿಗಳು ನನ್ನವು, ಮುಖಪುಟದ ಮೇಲಿನ ಹೆಸರು ಧಣಿಯದು. ನನ್ನ ಹೆಸರು ಕೃತಜ್ಞತೆಯ ಪುಟದಲ್ಲಿ ಕೂಡ ಇರಲಿಲ್ಲ. ಅಲ್ಲಿ ಪೆಂಡಾಲ್ ಹಾಕಿದವನ ಹೆಸರಿತ್ತು.

ಪುಸ್ತಕ ಬಿಡುಗಡೆಯ ದಿನ ನಾನು ಎದ್ದು ನಿಂತೆ. "ಧಣ್ಯಾರ, ಇದರಾಗಿನ ಟಿಪ್ಪಣಿ ಯಾರು ಬರದದ್ದು ಅಂತ ಪುಸ್ತಕದಾಗ ಎಲ್ಲಿ ಹೇಳೀರಿ?"

ಅವರು ಮೈಕನ್ನು ಹತ್ತಿರ ಎಳೆದುಕೊಂಡರು. "ಬರ್ರಿ, ಸಂಶೋಧಕರು ಬಂದ್ರು. ನಮ್ಮ ಮನಿ ಕಾಗದಾ, ನಮ್ಮ ಮನಿ ಸುದ್ದಿ. ನೀವು ಬಂದು ಧೂಳಾ ಝಾಡಿಸಿ ಕೊಟ್ರಿ, ಖರೆ. ಅದಕ್ಕ ಅವತ್ತಽ ಉಣ್ಣಾಕ ಹಾಕೇವಲ್ರಿ? ಇವತ್ತೂ ಹೋಳಿಗಿ ಮಾಡಿಸೇನಿ, ಕುಂಡ್ರಿ, ಉಂಡು ಹೋಗೀರಂತ."

ಪೆಂಡಾಲು ಪೂರ್ತಿ ನಕ್ಕಿತು. ನನ್ನ ಪಕ್ಕದವನು ನಗುತ್ತಲೇ ನನಗೆ ಕುರ್ಚಿ ಸರಿಸಿಕೊಟ್ಟ. ನಾನು ಹೋಳಿಗೆ ಉಣ್ಣದೆ ಬಂದೆ. ಆ ನಗೆಯಲ್ಲಿ ಯಾವ ಯಾವ ದನಿಗಳಿದ್ದವೆಂದು ಇಂದಿಗೂ ಬಿಡಿಸಿ ಹೇಳಬಲ್ಲೆ.

ನನಗೆ ಗೊತ್ತಿದ್ದ ಆಯುಧ ಒಂದೇ: ಕಾಲನಿರ್ಣಯ. ಮರುತಿಂಗಳಿಂದ ಎಲ್ಲ ಕಾರ್ಯಕ್ರಮಗಳಿಗೂ ಹೋಗತೊಡಗಿದೆ. ಮುಂದಿನ ಸಾಲಿನಲ್ಲಿ ಕುಳಿತು, ವಸ್ತುಗಳ ಕೆಳಗಿನ ಚೀಟಿಗಳನ್ನು ಬರೆದುಕೊಂಡು, ಮನೆಯಲ್ಲಿ ಗ್ರಂಥಗಳೊಂದಿಗೆ ಹೋಲಿಸಿ, ತಿಂಗಳಿಗೊಂದು ತಪ್ಪನ್ನು ಹೊರಗೆಳೆಯುತ್ತಿದ್ದೆ. ಎಲ್ಲವನ್ನೂ ಒಂದೇ ದಿನ ಹೇಳಬಹುದಿತ್ತು. ಹೇಳಲಿಲ್ಲ. ತಿಂಗಳಿಗೊಂದೇ. ಅವರು ಮುಂದಿನದಕ್ಕಾಗಿ ಹೆದರುತ್ತ ಇರಲಿ ಎಂಬುದು ನನ್ನ ಲೆಕ್ಕಾಚಾರ.

ಗಾಜಿನ ಬುರುಡೆಯ ಒಂದು ಕಂದೀಲಿನ ಕೆಳಗೆ 'ಪೇಶ್ವೆಯರ ಕಾಲದ್ದು' ಎಂದು ಬರೆದಿದ್ದರು. ಮಕ್ಕಳ ಎದುರಿಗೇ ಕೇಳಿದೆ: "ಪೇಶವೇರ ಕಾಲದಾಗ ಚಿಮಣಿ ಎಣ್ಣಿ ಎಲ್ಲಿ ಸಿಗತಿತ್ರಿ ಧಣ್ಯಾರ?"

"ಆಗ ಎಲ್ಲಾ ಸಿಗತಿತ್ರಿ, ಸಂಶೋಧಕರ. ಈಗ ನೋಡ್ರಿ, ರೇಶನ್ ಕಾರ್ಡ್ ಇದ್ರೂ ಸಿಗವಲ್ದು."

ಮತ್ತೆ ನಕ್ಕರು. ಆದರೆ ಮುಂದಿನ ತಿಂಗಳು ಆ ಚೀಟಿ ಇರಲಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಿನ ಚೀಟಿಯೂ ಮಾಯವಾಯಿತು, ಎರಡು ಕುರ್ಚಿಗಳದೂ. ಖಾಲಿ ಉಳಿದ ಮೊಳೆಗಳನ್ನು ನಾನು ಎಣಿಸುತ್ತಿದ್ದೆ.

ಮೂರನೆಯ ವರ್ಷ ಒಂದು ರವಿವಾರ 'ಮನೆಯ ಮೂಲ ಕಾಗದಗಳ ಪ್ರದರ್ಶನ' ಇಟ್ಟಿದ್ದರು. ಅಲ್ಲಿಯವರೆಗೆ ನಾನು ಝೆರಾಕ್ಸುಗಳನ್ನಷ್ಟೇ ನೋಡಿದವನು. ವಾಡೆ ಕಟ್ಟಲು ಕಲಘಟಗಿಯ ಕಾಡಿನಿಂದ ಸಾಗವಾನಿ ತರಿಸಿಕೊಳ್ಳಲು ಸಿಕ್ಕ ಪರವಾನಗಿ ಪತ್ರ ಅಂದು ಗಾಜಿನ ಕೆಳಗೆ ಚಪ್ಪಟೆಯಾಗಿ ಮಲಗಿತ್ತು. ವಾಡೆಯ ಹುಟ್ಟಿದ ವರ್ಷವನ್ನು ನಾನು ನಿರ್ಧರಿಸಿದ್ದು ಆ ಪತ್ರದಿಂದಲೇ. ಪುಸ್ತಕದ ಮೊದಲ ಪುಟದಲ್ಲಿದ್ದುದೂ ಆ ವರ್ಷವೇ. ನನ್ನ ಝೆರಾಕ್ಸಿನಲ್ಲಿ ಕೊನೆಯ ಸಾಲಿನ ಮೇಲೆ ಮಡಿಕೆ ಬಿದ್ದು ಒಂದು ಪದ ಕಪ್ಪಾಗಿತ್ತು. 'ಇಲ್ಲಿ ಮಡಿಕೆ, ಓದಲಾಗದು' ಎಂದು ಟಿಪ್ಪಣಿಯಲ್ಲಿ ಬರೆದಿದ್ದೆ. ಮೂಲದಲ್ಲಿ ಆ ಪದ ಸ್ವಚ್ಛವಾಗಿ ಕಾಣುತ್ತಿತ್ತು. ಅದು ವಾರದ ಹೆಸರು: ಮಂದವಾರ, ಅಂದರೆ ಶನಿವಾರ.

ಮನೆಗೆ ಬಂದು ಜಂತ್ರಿ, ಅಂದರೆ ಹಳೆಯ ವರ್ಷಗಳ ಪಂಚಾಂಗದ ಕೋಷ್ಟಕ, ತೆಗೆದೆ. ನಾನು ಬರೆದ ವರ್ಷದಲ್ಲಿ ಪತ್ರದ ತಿಥಿ ಶನಿವಾರ ಬೀಳುವುದಿಲ್ಲ. ಇನ್ನೊಮ್ಮೆ ಎಣಿಸಿದೆ, ಬೀಳುವುದಿಲ್ಲ.

ಇಲ್ಲಿ ಓದುಗರು ಒಂದು ವಿಷಯ ತಿಳಿಯಬೇಕು. ಆ ಕಾಲದ ಕಾರಕೂನರು, ಅಂದರೆ ಗುಮಾಸ್ತರು, ಎರಡು ಬಗೆಯ 'ಸನ', ಅಂದರೆ ವರ್ಷಗಣನೆ, ಬರೆಯುತ್ತಿದ್ದರು. ಒಂದು ಫಸಲಿ, ಒಂದು ಸುಹೂರ. ಎರಡೂ ಮಿರಗದ, ಅಂದರೆ ಮೃಗಶಿರದ, ಮಳೆ ಹಿಡಿಯುವ ಹೊತ್ತಿಗೇ ಶುರುವಾಗುತ್ತವೆ. ಇಸವಿ ತಿಳಿಯಲು ಫಸಲಿಗೆ ಐನೂರ ತೊಂಬತ್ತು ಕೂಡಿಸಬೇಕು, ಸುಹೂರಕ್ಕೆ ಐನೂರ ತೊಂಬತ್ತೊಂಬತ್ತು. ಸುಹೂರವನ್ನು ಸಾಮಾನ್ಯವಾಗಿ ಅರಬ್ಬಿ ಪದಗಳಲ್ಲಿ ಬರೆಯುತ್ತಿದ್ದರು. ಈ ಕಾರಕೂನ ಬರಿಯ ಅಂಕಿ ಬರೆದಿದ್ದ. ಅಂಕಿ ಕಂಡೊಡನೆ ನಾನು ಫಸಲಿ ಎಂದುಕೊಂಡೆ. ಕಂದಾಯದ ಕಾಗದಗಳಲ್ಲಿ ಬೆಳೆದ ಕೈಗೆ ಅದು ರೂಢಿ. ಸುಹೂರವೆಂದು ಎಣಿಸಿದರೆ ಶನಿವಾರ ಸರಿಯಾಗಿ ಬೀಳುತ್ತಿತ್ತು. ವಾಡೆ ನಾನು ಹೇಳಿದ್ದಕ್ಕಿಂತ ಒಂಬತ್ತು ವರ್ಷ ಚಿಕ್ಕದು.

ತಪ್ಪು ನನ್ನದು. ನಾನು ಕುರ್ಚಿಯಿಂದೆದ್ದು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ, ನಾಚಿಕೆಯಿಂದಲ್ಲ, ಸಂತೋಷದಿಂದ. ಯಾಕೆಂದರೆ ಮೂಲಪತ್ರವನ್ನು ಮನೆಯಲ್ಲಿಟ್ಟುಕೊಂಡ ಮನುಷ್ಯ ತನ್ನ ಪುಸ್ತಕದಲ್ಲಿ ಆ ಪದದ ಜಾಗದಲ್ಲಿ 'ಇಲ್ಲಿ ಮಡಿಕೆ, ಓದಲಾಗದು' ಎಂದೇ ಅಚ್ಚು ಹಾಕಿಸಿದ್ದ. ಮಡಿಕೆ ಇದ್ದುದು ನನ್ನ ಝೆರಾಕ್ಸಿನಲ್ಲಿ ಮಾತ್ರ. ಕಳ್ಳತನಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿಯನ್ನು ನಾನೇ ಕುಳಿತು ತಯಾರಿಸಿದ್ದರೂ ಆಗುತ್ತಿರಲಿಲ್ಲ.

ಅದೇ ವಾರ ಸುದ್ದಿ ಬಂತು: ವಾಡೆಯ ಹುಟ್ಟಿದ ವರ್ಷವನ್ನು ಕರಿಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಬಳಿ ನಿಲ್ಲಿಸಲಿದ್ದಾರೆ, ಧಾರವಾಡದಿಂದ ದೊಡ್ಡವರು ಬರಲಿದ್ದಾರೆ. ಕಾಯುವುದು ನನಗೆ ಹೊಸದಲ್ಲ. ಕಾದೆ.

ಕಾಯುತ್ತ, ಯಾವ ಯಾವ ಸಾಲು ನನ್ನದೆಂದು ಗುರುತು ಹಾಕಲು ಆ ಪುಸ್ತಕವನ್ನು ಮೊದಲಿನಿಂದ ಓದುವಾಗ ಒಂದು ವಾಕ್ಯದ ಮುಂದೆ ಪೆನ್ಸಿಲು ನಿಂತಿತು. 'ಮುಂಬಾಗಿಲನ್ನು ತಮ್ಮ ಪೂರ್ವಜ ಮಾಡಿದನೆಂಬ ಊರಿನ ಬಡಗಿ ಮನೆತನದ ಹೇಳಿಕೆ ಕಾಲದೃಷ್ಟಿಯಿಂದ ಅಸಂಭವ.' ಅದೂ ನನ್ನದೇ ವಾಕ್ಯ. ಆ ಮನೆತನಕ್ಕೆ ಊರಲ್ಲಿ ಉಂಬಳಿ ಹೊಲ ಸಿಕ್ಕ ಸನದು ಪತ್ರ ಶಕವರ್ಷ, ಸಂವತ್ಸರ ಎರಡನ್ನೂ ಹೊತ್ತಿದೆ, ಅದರಲ್ಲಿ ಸಂಶಯವಿಲ್ಲ. ನಾನು ಎಣಿಸಿದ ಪ್ರಕಾರ ಅವರು ಊರಿಗೆ ಬಂದದ್ದು ವಾಡೆಯಾದ ಐದು ವರ್ಷಕ್ಕೆ. ಸರಿಯಾಗಿ ಎಣಿಸಿದರೆ ವಾಡೆಗಿಂತ ನಾಲ್ಕು ವರ್ಷ ಮೊದಲು.

ಆ ವಾಕ್ಯದಿಂದ ಆದದ್ದು ನನಗೆ ಗೊತ್ತಿತ್ತು. ಖಂಡೇನವಮಿಯ ದಿನ, ಎಲ್ಲರೂ ತಂತಮ್ಮ ಆಯುಧ ಪೂಜಿಸುವಾಗ, ಆ ಬಡಗಿ ಮನೆಯ ಹಿರಿಯ ಮರ ಕೆತ್ತುವ ತನ್ನ ಬಾಚಿಯನ್ನು ತಂದು ವಾಡೆಯ ಹೊಸ್ತಿಲ ಮೇಲೆ ಇಡಬೇಕು. ವಾಡೆಯವರು ಮೊದಲು ಆ ಬಾಚಿಗೆ ಕುಂಕುಮ ಹಚ್ಚಿ, ನಂತರ ತಮ್ಮ ಕತ್ತಿಗೆ ಹಚ್ಚಬೇಕು. ಬಾಗಿಲು ಮಾಡಿದವನ ಮಾನ ಎಂದು ಅದಕ್ಕೆ ಹೆಸರು. ಪುಸ್ತಕ ಬಂದ ವರ್ಷ ಧಣಿ ಆ ಪುಟ ತೆರೆದು ತೋರಿಸಿ, ಮುದುಕನನ್ನು ಹೊಸ್ತಿಲಿಂದ ಹಿಂದಕ್ಕೆ ಕಳುಹಿಸಿದರು. ಬಾಚಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅವನು ಮನೆಗೆ ಹೋದ. ಆಮೇಲೆ ಎರಡು ವರ್ಷ ಬದುಕಿದ್ದ. ವಾಡೆಯ ಮುಂದಿನ ದಾರಿ ಹಿಡಿಯಲಿಲ್ಲ. ಸುದ್ದಿ ಕೇಳಿದಾಗ ನಾನು ಧಣಿಯನ್ನೇ ಬೈದಿದ್ದೆ.

ಮುದುಕನ ಮಗಳು ನವಲಗುಂದ ರಸ್ತೆಯ ಪಕ್ಕ ಬಾಗಿಲು ಚೌಕಟ್ಟುಗಳ ಕಾರಖಾನೆ ನಡೆಸುತ್ತಾಳೆ. ಐವತ್ತರ ಆಸುಪಾಸು, ಗಟ್ಟಿ ಹೆಂಗಸು. ನಾನು ಹೋದಾಗ ಮಷಿನ್ ನಿಲ್ಲಿಸಿ, ಸೆರಗಿನಿಂದ ಹೊಟ್ಟು ಕೊಡವಿಕೊಂಡು ಬಂದಳು. ವಾಡೆಯ ವರ್ಷ ತಪ್ಪಾಗಿದೆ, ನಿಮ್ಮವರ ಮಾತೇ ನಿಜ ಎಂದು ಹೇಳಿದೆ. ತಪ್ಪು ಯಾರದೆಂದು ಹೇಳಲಿಲ್ಲ.

ಅವಳು ಮರದ ದಿಮ್ಮಿಯ ಮೇಲೆ ಕುಳಿತಳು. "ನವಮಿಗಿ ಇನ್ನ ಎರಡು ತಿಂಗಳ ಐತಿ ಕಾಕಾರ. ನೀವು ಸುಮ್ಮ ಹೋಗಿ ಧಣ್ಯಾರ ಕಿವ್ಯಾಗ ಒಂದ್ ಮಾತ ಹಾಕ್ರಿ. ಒಬ್ರಽ ಇದ್ದಾಗ ಹೇಳಿದ್ರ ಕೇಳ್ತಾರ ಅವರು. ಮಂದ್ಯಾಗ ಹೇಳಿದ್ರ ಕೋಣ ಆಕ್ಕಾರ."

"ಕಲ್ಲು ನಿಲ್ಲಸೂ ದಿನಾ ಹೇಳ್ತೀನವಾ."

"ಯಾಕ್ರಿ? ಅವತ್ತ ಊರಿಗೂರಽ ಇರ್ತೈತಿ."

"ಅದಕ್ಕಽ."

ಅವಳು ನನ್ನ ಮುಖವನ್ನು ಸರಿಯಾಗಿ ನೋಡಿದಳು. "ನಮಗ ಹೊಸ್ತಿಲಾ ಬೇಕಾಗೇತ್ರಿ. ನಿಮಗೇನ ಬೇಕಾಗೇತಿ ನನಗ ತಿಳೀವಲ್ದು," ಎಂದು ಚಹಾ ತರಲು ಒಳಗೆ ಹೋದಳು.

ಕಿವಿಯಲ್ಲಿ ಹೇಳಿದ್ದರೆ ಕೆಲಸ ಆಗುತ್ತಿತ್ತು ಎಂದು ನನಗೂ ಅನಿಸಿತ್ತು. ನಾನು ಹೇಳಲಿಲ್ಲ. ಧಣಿ ಸದ್ದಿಲ್ಲದೆ ಕಲ್ಲು ಬದಲಿಸಿ, ಸದ್ದಿಲ್ಲದೆ ಬಾಚಿಗೆ ಕುಂಕುಮ ಹಚ್ಚಿ, ದೊಡ್ಡ ಮನುಷ್ಯನೆನಿಸಿಕೊಂಡು ಉಳಿಯುವುದು ನನ್ನಿಂದ ಸಹಿಸಲಾಗದ ಸಂಗತಿಯಾಗಿತ್ತು.

ಕಲ್ಲು ಅನಾವರಣವಾದ ದಿನ ಧಣಿ ಔದಾರ್ಯ ತೋರಿಸಲೆಂದು 'ಹಿರಿಯ ಸಂಶೋಧಕರಿಂದ ಎರಡು ಮಾತು' ಎಂದು ನನ್ನನ್ನು ಕರೆದರು. ಶಾಲು ಹೊದಿಸಿದರು. ಹೊದಿಸಿಕೊಂಡೆ. ವಾಡೆಯ ವರ್ಷ ಸಿಕ್ಕ ಆ ಪರವಾನಗಿ ಪತ್ರವನ್ನು ಯಾರು ಓದಿದರೆಂದು ಸಭೆಗೆ ತಿಳಿಸಬೇಕೆಂದು ವಿನಯದಿಂದ ಕೇಳಿದೆ.

"ನಾವು ಅದನ್ನ ಪುಣೇಕ್ಕ ಒಯ್ದು ಓದಿಸೀವ್ರಿ," ಎಂದರು.

ಕಣ್ಣೆದುರಿಗೆ ಬಾಗಿಲು ತಾನಾಗಿ ತೆರೆದಂತಾಯಿತು. ಪುಸ್ತಕದ ಪುಟ ತೆರೆದು 'ಇಲ್ಲಿ ಮಡಿಕೆ, ಓದಲಾಗದು' ಎಂಬುದನ್ನು ಓದಿದೆ. ಮೂಲಪತ್ರದ ಪೆಟ್ಟಿಗೆಯನ್ನು ಕಮಿಟಿಯ ಇಬ್ಬರಿಂದ ತರಿಸಿದೆ. "ಈ ಪದಾ ಎಲ್ಲಾರಿಗೂ ಕಾಣ್ತೈತ್ರಿ. ಮಡಿಕಿ ಇರೂದು ನನ್ನ ಕಡೆ ಇರೂ ಝೆರಾಕ್ಸಿನಾಗ. ಪುಣೇದ ಪಂಡಿತರಿಗೆ ಕಣ್ಣು ಕಾಣ್ತಿದ್ದಿಲ್ಲೋ, ಇಲ್ಲಾ ಅವರು ನನ್ನ ನೋಟುಬುಕ್ಕಽ ಓದಿದ್ರೋ?"

ಮೊದಲು ನಕ್ಕವನು ಧಾರವಾಡದ ಅತಿಥಿ. ಆಮೇಲೆ ಪೆಂಡಾಲು. ಅದೇ ಪೆಂಡಾಲು, ಬಹುಶಃ ಅದೇ ಜನ. ಧಣಿ ನೀರಿನ ಲೋಟ ಎತ್ತಿಕೊಂಡರು, ಅದು ಖಾಲಿಯಿತ್ತು. ಅದನ್ನೇ ಕುಡಿದಂತೆ ಮಾಡಿದರು. ನಾನು ಅವಸರಿಸದೆ ಫಸಲಿ, ಸುಹೂರ, ಶನಿವಾರ ಎಲ್ಲವನ್ನೂ ವಿವರಿಸಿದೆ. ಹೊಸದಾಗಿ ಕೆತ್ತಿದ ಕಲ್ಲು ಹೂವಿನ ಹಾರ ಹಾಕಿಕೊಂಡು ಒಂಬತ್ತು ವರ್ಷದ ಸುಳ್ಳು ಹೇಳುತ್ತ ನಿಂತಿತ್ತು. ಅಷ್ಟು ಸುಖದ ಇಪ್ಪತ್ತು ನಿಮಿಷಗಳು ನನ್ನ ಜೀವನದಲ್ಲಿ ಹೆಚ್ಚು ಇಲ್ಲ.

ಹೆಂಗಸರ ಸಾಲಿನಿಂದ ಬಡಗಿಯ ಮಗಳು ಎದ್ದು ನಿಂತಳು. "ಒಂದ್ ಮಾತ ಕೇಳ್ತೇನ್ರಿ ಕಾಕಾರ. ಧಣ್ಯಾರು ನಿಮ್ಮ ಬುಕ್ಕ ನೋಡಿ ಬರಕೊಂಡ್ರು, ಖರೆ. ಹಂಗಾರ ತಪ್ಪು ಎಣಿಸಿದಾವರು ಯಾರ್ರಿ?"

"ನಾನು," ಎಂದೆ. ಅದನ್ನು ಹೇಳದೆ ನನ್ನ ಸಾಕ್ಷಿ ನಿಲ್ಲುತ್ತಿರಲಿಲ್ಲ.

"ನಮ್ಮಪ್ಪನ್ನ ಹೊಸ್ತಿಲದಿಂದ ತಿರುಗಿ ಕಳಿಸಿದ ಮಾತು?"

"ಅದೂ ನಂದಽ ಬರದದ್ದು."

"ಕಾರಖಾನಿಗಿ ಬಂದಾಗ ಇದನ್ನ ಹೇಳಲಿಲ್ಲಲ್ರಿ," ಎಂದಳು. ಅಷ್ಟೇ. ಕುಳಿತಳು. ಯಾರೂ ನಗಲಿಲ್ಲ.

ಅವಳು ಹೇಳಿದ್ದಂತೆಯೇ ಆಯಿತು. ಮಂದಿಯಲ್ಲಿ ಮಾನ ಕಳೆದುಕೊಂಡ ಧಣಿ ಹಟ ಹಿಡಿದರು. ಕಲ್ಲಿಗೆ ಗೋಣಿಚೀಲ ಹೊದಿಸಿ, ಬಾಚಿಯ ಮಾತೆತ್ತಿದವರಿಗೆ "ಆ ಸಂಶೋಧಕನ್ನ ಕೇಳ್ರಿ" ಎನ್ನುತ್ತಿದ್ದರು. ಆದರೆ ಕಮಿಟಿಯವರು ಆ ವರ್ಷದ ಖಂಡೇನವಮಿಯನ್ನು ಕಾರ್ಯಕ್ರಮವಾಗಿಟ್ಟು, ನಮ್ಮ ಊರಿನ ಹಳೆಯ ಪದ್ಧತಿಗಳನ್ನು ನೋಡಬನ್ನಿ ಎಂದು ಸುತ್ತಣ ಶಾಲೆಗಳಿಗೆಲ್ಲ ಕಾಗದ ಕಳುಹಿಸಿಯಾಗಿತ್ತು. ಕತ್ತಿಯ ಮುಂದೆ ಬಾಚಿ ಇಲ್ಲದಿದ್ದರೆ ಊರಿಗೆಲ್ಲ ಅದೇ ಮಾತಾಗುತ್ತಿತ್ತು. ಕಮಿಟಿಯ ಹಿರಿಯರು ಧಣಿಯನ್ನು ಒತ್ತಿ ಒಪ್ಪಿಸಿದರು. ಈಗ ಒಪ್ಪದವಳು ಅವಳು.

ನವಮಿಗೆ ಒಂದು ವಾರ ಇರುವಾಗ ವಾಡೆಯ ಪಡಸಾಲೆಯಲ್ಲಿ ಧಣಿಯನ್ನೂ ನನ್ನನ್ನೂ ಅವಳ ಎದುರು ಕೂಡಿಸಿದರು. ನನ್ನ ಹೆಸರು ಹಾಕಿ ಪುಸ್ತಕವನ್ನು ಮರುಮುದ್ರಿಸುವುದಾಗಿ ಧಣಿ ನನ್ನ ಕಡೆ ನೋಡದೆ ಹೇಳಿದರು. ಅವಳು ತಡೆದಳು.

"ಪುಸ್ತಕಾ ಯಾರ ಓದ್ತಾರ್ರಿ ಧಣ್ಯಾರ? ಬಾಗಲದ ಬಾಜೂಕ ಒಂದು ಬೋರ್ಡ್ ಹಾಕ್ರಿ. ಲೆಕ್ಕಾ ತಪ್ಪಿದವರು ಇಂಥವರು. ನೋಡದಽ ಅದನ್ನ ತಮ್ಮದು ಅಂತ ಅಚ್ಚು ಹಾಕಿಸಿದವರು ಇಂಥವರು. ಅದರಿಂದ ಹೊಸ್ತಿಲದಾಗ ತಿರುಗಿ ಹೋದಾವ ನಮ್ಮಪ್ಪ. ಮೂರೂ ಹೆಸರು ಬರೀರಿ. ಆಮ್ಯಾಲ ಬಾಚಿ ತರ್ತೀನಿ."

"ಬೋರ್ಡಿನ್ಯಾಗ ಹೆಸರ್ಯಾಕವಾ, ಬರೇ ತಪ್ಪಾಗೇತಿ ಅಂತ ಹಾಕೂಣು," ಎಂದರು ಧಣಿ.

"ಹೆಸರಿನ ಸಲುವಾಗೇ ಇಷ್ಟು ವರ್ಷ ಬಡದಾಡೀರಿ ಇಬ್ಬರೂ. ಈಗ ಬ್ಯಾಡಂದ್ರ ಹೆಂಗ್ರಿ?"

ಧಣಿ ಆಗ ನನ್ನ ಕಡೆ ನೋಡಿದರು. ನಾನೂ ನಿರಾಕರಿಸಿದರೆ ಇಬ್ಬರೂ ಉಳಿಯುತ್ತೇವೆ ಎಂಬ ಬೇಡಿಕೆ ಆ ನೋಟದಲ್ಲಿತ್ತು. ಅಷ್ಟು ವರ್ಷಗಳಲ್ಲಿ ಅವರು ನನ್ನಿಂದ ಏನನ್ನಾದರೂ ಬೇಡಿದ್ದು ಅದೇ ಮೊದಲು. ನಾನು ಜೇಬಿನಿಂದ ಪೆನ್ನು ತೆಗೆದು, ಬೋರ್ಡಿನ ಒಕ್ಕಣೆಯನ್ನು ಅಲ್ಲೇ ಬರೆದು, ಅವಳಿಗೆ ಓದಿ ತೋರಿಸಿದೆ. ಅವರ ಹೆಸರನ್ನು ಪೂರ್ತಿಯಾಗಿ, ಮನೆತನದ ಅಡ್ಡಹೆಸರು ಸಮೇತ ಬರೆದೆ. ನನ್ನದನ್ನೂ. ನ್ಯಾಯಕ್ಕಾಗಿ ಒಪ್ಪಿದೆನೆಂದು ಇಲ್ಲಿ ಬರೆದರೆ ಅದು ಇನ್ನೊಂದು ತಪ್ಪು ದಾಖಲೆಯಾಗುತ್ತದೆ.

ನವಮಿಯ ದಿನ ಅವಳು ತಮ್ಮನನ್ನು ಕರೆದುಕೊಂಡು ಬಂದು ಬಾಚಿಯನ್ನು ಹೊಸ್ತಿಲ ಮೇಲಿಟ್ಟಳು. ಧಣಿ ಬಗ್ಗಿ ಕುಂಕುಮ ಹಚ್ಚಿದರು. ಎಲೆ ಅಡಿಕೆ ಕೊಡುವಾಗ ಅವಳು ನನ್ನನ್ನು ದಾಟಿ ಪಕ್ಕದವರಿಗೆ ಕೊಟ್ಟಳು. ಅವಳಿಗೆ ಆ ಹಕ್ಕಿದೆ. ನಾನು ಕೈ ಹಿಂದೆ ತೆಗೆದುಕೊಂಡೆ.

ಎರಡನೆಯ ರವಿವಾರಗಳು ನಡೆಯುತ್ತಿವೆ. ಶಾಲೆಯ ಮಕ್ಕಳು ಬಂದರೆ ಮೊದಲು ಬಾಗಿಲ ಬಳಿ ನಿಲ್ಲಿಸಿ, ಆ ಬೋರ್ಡನ್ನು ಗಟ್ಟಿಯಾಗಿ ಓದಿಸಬೇಕೆಂದು ಕಮಿಟಿ ಠರಾವು ಮಾಡಿದೆ. ಓದುವಷ್ಟು ಹೊತ್ತು ಧಣಿ ಯಜಮಾನರಾಗಿ ಪಕ್ಕದಲ್ಲಿ ನಿಂತಿರಬೇಕು. ಈ ಎರಡು ವರ್ಷಗಳಲ್ಲಿ ನಾನು ಒಂದು ರವಿವಾರವನ್ನೂ ತಪ್ಪಿಸಿಲ್ಲ. ಮಕ್ಕಳು ಮೊದಲು ನನ್ನ ಹೆಸರು ಓದುತ್ತಾರೆ, ತಪ್ಪೆಣಿಸಿದವನೆಂದು. ಕೇಳಿಸಿಕೊಳ್ಳುತ್ತೇನೆ. ಮುಂದಿನ ಸಾಲು ಅವರದು. ಆಗ ತಲೆಯೆತ್ತಿ ಅವರ ಮುಖ ನೋಡುತ್ತೇನೆ. ಮೂರನೆಯ ಹೆಸರು ಬರುವಾಗ ನಾವಿಬ್ಬರೂ ನೆಲ ನೋಡುತ್ತೇವೆ.